ಮಾಡು ಹೊದ್ದ ಸೇತುವೆ

ವಿಯೆಟ್ನಾಂಗೆ ಹೋದವರೆಲ್ಲ ಹೋಯಿ ಆನ್‌ನ ಜಪಾನಿ ಸೇತುವೆಯ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಲ್ಲಿನ 20,000 ಡಾಂಗ್ ನೋಟಿನ ಮೇಲೂ ಅದರದೇ ಚಿತ್ರ. ನನಗೆ ಹಿಡಿಸಿದ್ದು ಮಾತ್ರ ಹುಯೆ ನಗರದಿಂದ ಸುಮಾರು 8 ಕಿಲೋಮೀಟರ್ ಆಚೆ, ಗದ್ದೆಗಳ ನಡುವಿನ ಹಳ್ಳಿಯೊಂದರಲ್ಲಿರುವ ಥಾನ್ ತೊವಾನ್ ಸೇತುವೆ.

ಕಿರಿದಾದ ಕಾಲುವೆ, ಅದರ ಮೇಲೆ ಮರದ ಸೇತುವೆ, ಸೇತುವೆಗೆ ಹೆಂಚಿನ ಮಾಡು. ಉದ್ದ 19 ಮೀಟರ್ ಕೂಡ ಇಲ್ಲ. ದಾಟಲು ಅರ್ಧ ನಿಮಿಷ ಸಾಕು, ಆದರೆ ಅಲ್ಲಿ ದಾಟುವವರಿಗಿಂತ ಕೂತವರೇ ಹೆಚ್ಚು. ಎರಡೂ ಬದಿಗೆ ನಮ್ಮ ಹಳೇ ಮನೆಗಳ ಜಗಲಿಯಂತೆ ಹಲಗೆ ಹಾಸಿದ್ದಾರೆ. ಹರಟುವವರು ಹರಟುತ್ತಾರೆ, ಮಲಗುವವರು ಕಾಲು ಚಾಚಿ ಮಲಗುತ್ತಾರೆ.

ಇದನ್ನು 1776ರಲ್ಲಿ ಕಟ್ಟಿಸಿದವಳು ಟ್ರಾನ್ ಥಿ ದಾವ್. ದೊಡ್ಡ ಅಧಿಕಾರಿಯೊಬ್ಬನ ಹೆಂಡತಿ, ಮಕ್ಕಳಿರಲಿಲ್ಲ. ಸ್ವಂತ ದುಡ್ಡು ಹಾಕಿದಳು. ಮೆಚ್ಚಿದ ದೊರೆ ಇಡೀ ಊರಿಗೇ ತೆರಿಗೆಯಲ್ಲಿ ವಿನಾಯಿತಿ ಕೊಟ್ಟ. 1925ರಲ್ಲಿ ಚಕ್ರವರ್ತಿ ಖಾಯ್ ದಿನ್ ಆಕೆಗೆ ದೈವದ ಪದವಿಯನ್ನೇ ದಯಪಾಲಿಸಿದ. ಈಗ ಸೇತುವೆಯ ನಡುವೆ ಅವಳಿಗೊಂದು ಪೂಜಾಪೀಠವಿದೆ, ಊದುಬತ್ತಿ ಹಚ್ಚುತ್ತಾರೆ.

ಕಾಲುವೆ ದಾಟಿಸುವುದಷ್ಟೇ ಉದ್ದೇಶವಾಗಿದ್ದರೆ ನಾಲ್ಕು ಹಲಗೆ ಸಾಕಿತ್ತು. ದಣಿದವನಿಗೆ ನೆರಳೂ ಬೇಕು ಅಂತ ಹೊಳೆದಿತ್ತಲ್ಲ ಆ ತಾಯಿಗೆ! ಬಸ್ ನಿಲ್ದಾಣ ಕಟ್ಟಿ ಕೂರಲು ಬೆಂಚು ಹಾಕುವುದನ್ನೇ ಮರೆಯುವ ಎಂಜಿನಿಯರುಗಳು ಇದನ್ನು ಒಮ್ಮೆ ನೋಡಬೇಕು.

ಹುಯೆಗೆ ಹೋದರೆ ಅರಸರ ಗೋರಿಗಳಲ್ಲಿ ಒಂದನ್ನು ಬಿಟ್ಟಾದರೂ ಸರಿ, ಬಾಡಿಗೆ ಸೈಕಲ್ ಹತ್ತಿ ಅತ್ತ ಹೋಗಿ ಬನ್ನಿ.