ಹಳೆಯ ಕೋವಿಗೆ ಬೆಲೆ ಕಟ್ಟುವುದು

ಚಿನ್ನಕ್ಕೆ ಒರೆಗಲ್ಲುಂಟು, ಭತ್ತಕ್ಕೆ ಕೊಳಗವುಂಟು. ಆದರೆ ಹಿರಿಯರ ಕೈಯಿಂದ ಕೈಗೆ ದಾಟಿ ಬಂದ ವಸ್ತುವಿಗೆ ಬೆಲೆ ಕಟ್ಟಬೇಕಾದಾಗ ಅಳತೆಗೋಲು ಯಾವುದು? ಮನೆಯವರು ಅದನ್ನು ಅಭಿಮಾನದಿಂದ ಅಳೆಯುತ್ತಾರೆ. ಪೇಟೆಯವನು ಲಾಭದಿಂದ ಅಳೆಯುತ್ತಾನೆ. ಹಳೆಯ ಆಯುಧಗಳ ವಿಷಯವನ್ನು ಕೊಂಚ ಓದಿಕೊಂಡವನೆಂಬ ಕಾರಣದಿಂದ ಇಂಥದೊಂದು ಕೆಲಸ ನನ್ನ ಪಾಲಿಗೂ ಬಂದಿತು. ಅದರಿಂದ ತಿಳಿದ ಸಂಗತಿಗಳು ಇಂಥ ಹಳೆಯ ಸಾಮಾನುಳ್ಳ ಗೃಹಸ್ಥರಿಗೆ ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆದಿದ್ದೇನೆ.

ಕೊಡಗಿನ ಒಂದು ಐನ್‌ಮನೆಯಲ್ಲಿ, ನೆಲ್ಲಕ್ಕಿ ನಡುಬಾಡೆಯೆಂದು ಕರೆಯುವ ನಡುಮನೆಯ ಗೋಡೆಯ ಮೇಲೆ ಒಂದು ಕೇಪಿನ ಕೋವಿ ಇದ್ದಿತು. ನಳಿಗೆಯ ಬಾಯಿಂದಲೇ ಮದ್ದು ಗುಂಡುಗಳನ್ನು ತುಂಬುವ ಜಾತಿಯದು. ‘ರಾಜರು ಕೊಟ್ಟ ರೈಫಲ್ಲು’ ಎಂದೇ ಅದಕ್ಕೆ ಒಕ್ಕದಲ್ಲಿ ಹೆಸರು. ಮನೆಯ ಮಾಡಿಗೆ ಗೆದ್ದಲು ಹಿಡಿದಿತ್ತು. ಮಳೆಗಾಲದಲ್ಲಿ ದೀಪದ ಪಕ್ಕದಲ್ಲಿಯೇ ನೀರು ತೊಟ್ಟಿಕ್ಕುತ್ತಿತ್ತು. ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದ ಮನೆಯೊಂದರ ಅಟ್ಟದಲ್ಲಿ ದೊರೆತ ಟಿಪ್ಪೂ ಸುಲ್ತಾನನ ಕಾಲದ ಕೋವಿಯೊಂದು 2019ರಲ್ಲಿ 60,000 ಪೌಂಡುಗಳಿಗೆ ಹರಾಜಾದ ಸುದ್ದಿಯನ್ನು ಬೆಂಗಳೂರಿನಲ್ಲಿದ್ದ ಕಿರಿಯರು ಓದಿದ್ದರು. ನಮ್ಮ ಕೋವಿಯೂ ಹಾಗೆ ಹೋದರೆ ಮಾಡೇನು, ಮನೆಯನ್ನೇ ಹೊಸದಾಗಿ ಕಟ್ಟಬಹುದೆಂದು ಅವರ ಲೆಕ್ಕ.

“ದೇವರನ್ನು ಮಾರಿ ಮಾಡು ಹೊದಿಸುವುದೇ?” ಎಂದರು ಎಂಬತ್ತು ದಾಟಿದ ಪಟ್ಟೇದಾರರು.

“ಮಾಡೇ ಬಿದ್ದರೆ ದೇವರನ್ನು ಇಡುವುದೆಲ್ಲಿ, ದೊಡ್ಡಪ್ಪ?” ಎಂದನು ತಮ್ಮನ ಮಗ.

ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದಿತು. ಬೆಲೆ ಎಷ್ಟೆಂದು ತಿಳಿಯದೆ ಜಗಳ ಬೇಡವೆಂದು ನನ್ನನ್ನು ಕರೆಸಿದರು.

ಇಂಥ ಕೋವಿಯನ್ನು ಕೈಗೆತ್ತಿಕೊಂಡವನು ಬೆಲೆಯನ್ನು ಎಣಿಸುವ ಮೊದಲು ಅದು ಬರಿದಾಗಿದೆಯೇ ಎಂದು ನೋಡತಕ್ಕದ್ದು. ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಗಜವನ್ನು ನಳಿಗೆಯೊಳಕ್ಕೆ ಮೆಲ್ಲನೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿಯಬೇಕು. ಗಜದ ತುದಿಯು ಕೇಪು ಕೂರಿಸುವ ಜಾಗದ ತನಕ ಬಂದರೆ ಒಳಗೆ ಏನೂ ಇಲ್ಲ. ಇಲ್ಲಿ ಅದು ನಾಲ್ಕು ಬೆರಳು ಮೇಲೆಯೇ ನಿಂತಿತು. ಕೋವಿಯ ಕೆಲಸ ಬಲ್ಲವನನ್ನು ಕರೆಸಿದೆವು. ಅವನು ನೀರು ಹೊಯ್ದು ಚೆನ್ನಾಗಿ ನೆನೆಸಿ, ತಿರುಪಿನ ಕೊಕ್ಕೆಯಿಂದ ತೆಂಗಿನ ನಾರಿನ ಉಂಡೆಯನ್ನೂ ಒಂದು ಹಿಡಿ ಚರೆಯನ್ನೂ ಅಂಟಿಕೊಂಡಿದ್ದ ಕರಿಮದ್ದನ್ನೂ ತೆಗೆದನು. ಕರಿಮದ್ದು ಒಣಗಿಯೇ ಇದ್ದರೆ ತಲೆಮಾರುಗಳು ಕಳೆದರೂ ಸತ್ವ ಬಿಡುವುದಿಲ್ಲ. ಪ್ರತಿ ವರ್ಷವೂ ಕೈಲ್‌ಪೊಳ್ದ್ ಹಬ್ಬದಲ್ಲಿ ಆ ಮನೆಯ ಮಕ್ಕಳು ಈ ಕೋವಿಯನ್ನು ಕೆಳಗಿಳಿಸಿ, ಗಂಧ ಹಚ್ಚಿ, ಬಾಯಿಗೆ ತೋಕ್‌ಪೂವನ್ನು ಸಿಕ್ಕಿಸುತ್ತಿದ್ದರು. ಹಿಡಿ ಚರೆಯನ್ನು ತಟ್ಟೆಯಲ್ಲಿ ನೋಡಿ ಆ ಮಕ್ಕಳ ತಾಯಂದಿರು ಬಹಳ ಹೊತ್ತು ಮಾತನಾಡಲಿಲ್ಲ.

ಅನಂತರ ಗುರುತುಗಳ ಪರೀಕ್ಷೆ. ಕುದುರೆಯ ಬದಿಯ ಲೋಹದ ಫಲಕದಲ್ಲಿ ಕಿರೀಟ, ವಿಕ್ಟೋರಿಯಾ ರಾಣಿಯ ಅಂಕಿತ, ‘ಟವರ್’ ಎಂಬ ಮಾತು ಮತ್ತು 1861 ಎಂಬ ಇಸವಿ ಇದ್ದವು. ಸರ್ಕಾರಕ್ಕೆ ಗುತ್ತಿಗೆದಾರರು ಮಾಡಿಕೊಡುತ್ತಿದ್ದ ಕೋವಿಗಳ ಮೇಲೆ ಲಂಡನ್ನಿನ ಆಯುಧಶಾಲೆಯ ಈ ಮುದ್ರೆ ಬೀಳುತ್ತಿದ್ದಿತು. ವಾಯವ್ಯ ಗಡಿನಾಡಿನ ಕಸುಬುದಾರರು ಇದೇ ಮುದ್ರೆಯ ನಕಲುಗಳನ್ನೂ ಮಾಡಿದ್ದಾರೆ. ಅವುಗಳಲ್ಲಿ ಕೆಲವೆಡೆ ಅಕ್ಷರ ತಪ್ಪಿರುತ್ತದೆ, ಕೆಲವೆಡೆ ಇಸವಿಗೂ ಕೋವಿಯ ರಚನೆಗೂ ಹೊಂದಿಕೆಯಿರುವುದಿಲ್ಲ. ಇದು ನಕಲಾಗಿರಲಿಲ್ಲ. ಆದರೆ ಕೊಡಗಿನ ಕಡೆಯ ಅರಸನಾದ ಚಿಕವೀರರಾಜೇಂದ್ರನು ಪಟ್ಟ ಕಳೆದುಕೊಂಡುದು 1834ರಲ್ಲಿ. ಆ ಬಳಿಕ ಇಪ್ಪತ್ತೇಳು ವರ್ಷಕ್ಕೆ ಹುಟ್ಟಿದ ಕೋವಿಯನ್ನು ಅವನು ಕೊಟ್ಟಿರಲಾರನು.

ಇನ್ನು ರೈಫಲ್ಲೆಂಬ ಹೆಸರು. ಹೊರಗಿನ ಆಕಾರವೆಲ್ಲ 1853ರ ಎನ್‌ಫೀಲ್ಡ್ ಮಾದರಿಯದೇ: ಮೂವತ್ತೊಂಬತ್ತು ಅಂಗುಲದ ನಳಿಗೆ, ಅದನ್ನು ಮರಕ್ಕೆ ಬಿಗಿದ ಮೂರು ಕಟ್ಟುಗಳು. ನಿಜವಾದ ಎನ್‌ಫೀಲ್ಡಿನ ನಳಿಗೆಯೊಳಗೆ ಗುಂಡನ್ನು ಗಿರ್ರನೆ ತಿರುಗಿಸುವ ಮೂರು ತಿರುಪು ಗೀರುಗಳಿರುತ್ತವೆ. ದೀಪ ಹಿಡಿದು ನೋಡಿದರೆ ಇದರ ಒಳಮೈ ನುಣುಪು. ಬಾಯಿಯೂ ತುಸು ಅಗಲ. ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ಆ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾಗಳು 1857ರ ದಂಗೆಯ ಕಿಡಿಯಾದುವಷ್ಟೆ. ಆಮೇಲೆ ಇಂಗ್ಲಿಷರು ದೇಶೀಯ ಸಿಪಾಯಿಗಳಿಗಾಗಿ ಅದೇ ಆಕಾರದ, ಆದರೆ ಗೀರುಗಳಿಲ್ಲದ ಕೋವಿಗಳನ್ನು ಮಾಡಿಸಿದರು. ತಮ್ಮ ಸೋಲ್ಜರನಷ್ಟು ದೂರಕ್ಕೆ, ಅಷ್ಟು ನೇರವಾಗಿ ಸಿಪಾಯಿಯು ಹೊಡೆಯಲಾಗಬಾರದೆಂಬುದು ಅವರ ಎಣಿಕೆ. ಅಪನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ನಾನು ಕೈಯಲ್ಲಿ ಹಿಡಿದುದಿಲ್ಲ.

ಮೂರನೆಯದು ವಸ್ತುವಿನ ಸ್ಥಿತಿ. ಕುದುರೆಯು ಮೂಲದ್ದಲ್ಲ, ಊರ ಕಮ್ಮಾರನು ಬಡಿದುದು. ಬಿರಿದ ಹಿಡಿಗೆ ಹಿತ್ತಾಳೆಯ ತಂತಿ ಸುತ್ತಿದ್ದರು. ಕೊಳ್ಳುವವನ ಕಣ್ಣಿಗೆ ಇವು ಕೊರತೆಗಳು. ಅದೃಷ್ಟವಶಾತ್ ಯಾರೂ ಅದನ್ನು ಉಜ್ಜಿರಲಿಲ್ಲ. ಅಂದು ಬೆಳಗ್ಗೆ ಹುಡುಗನೊಬ್ಬನು ಉಪ್ಪುಕಾಗದ ತಂದಿಟ್ಟಿದ್ದನು, ಅದನ್ನು ಕಸಿದುಕೊಂಡೆ. ಕಬ್ಬಿಣದ ಕಂದು ಬಣ್ಣ, ಮರದ ಎಣ್ಣೆಗಪ್ಪು, ಸವೆದ ಮುದ್ರೆ ಇವೆಲ್ಲ ಅದರ ವಯಸ್ಸಿನ ಪತ್ರ. ಉಜ್ಜಿ ಹೊಳಪು ಕೊಟ್ಟವನು ಆ ಪತ್ರವನ್ನು ಹರಿದಂತೆಯೇ ಸರಿ.

ಟಿಪ್ಪೂವಿನ ಕೋವಿಗೆ ಅಷ್ಟು ಹಣ ಬಂದುದೇಕೆಂದು ಕಿರಿಯರು ಕೇಳಿದರು. ಅದು ಶ್ರೀರಂಗಪಟ್ಟಣದ ಅರಮನೆಯ ಕುಶಲಕೆಲಸ, ಬೆಳ್ಳಿ ಜೋಡಿಸಿದ್ದು. 1799ರ ಮುತ್ತಿಗೆಯ ತರುವಾಯ ಕಂಪನಿಯ ಮೇಜರ್ ಥಾಮಸ್ ಹಾರ್ಟನು ಒಯ್ದ ವಸ್ತುಗಳಲ್ಲಿ ಒಂದೆಂಬ ಪರಂಪರೆಯೂ ಅದಕ್ಕಿದ್ದಿತು. ಎನ್‌ಫೀಲ್ಡಿನ ಮನೆತನದ ಕೋವಿಗಳಾದರೋ ಲಕ್ಷಗಟ್ಟಲೆ ಹುಟ್ಟಿದವು. ಸಾಲದುದಕ್ಕೆ, ನೂರು ವರ್ಷ ಮೀರಿದ ಇಂಥ ಪ್ರಾಚೀನ ವಸ್ತುವನ್ನು ದೇಶದಿಂದ ಹೊರಗೆ ಕಳುಹಿಸುವುದನ್ನು 1972ರ ಕಾಯಿದೆ ತಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ 2029ರ ತನಕ ವಿನಾಯಿತಿಯಿದೆ. ಹೊರಗಿನ ಸಾಮಾನ್ಯ ಗಿರಾಕಿಗೆ ಅದಿಲ್ಲ. ಗುಂಡು ಹಾರಿಸಬಲ್ಲ ಕೋವಿಯು ಹಳೆಯದಾದರೂ ಅದನ್ನು ಬಳಸಲು, ಒಯ್ಯಲು ಅವನಿಗೆ ಪರವಾನಗಿ ಬೇಕು. ಗಿರಾಕಿಗಳು ಕಡಿಮೆಯಾದಲ್ಲಿ ಬೆಲೆಯೂ ಇಳಿಯತಕ್ಕದ್ದೇ.

ಕೊನೆಗೆ ನಾನು ಹೇಳಿದ ಮೊತ್ತವು ಒಳ್ಳೆಯ ಕರಾವಿನ ಎಮ್ಮೆಯೊಂದರ ಬೆಲೆಯನ್ನು ಮೀರಲಿಲ್ಲ. ಅದರಿಂದ ಮಾಡಿನ ಒಂದು ಮೂಲೆಯೂ ದುರಸ್ತಾಗದು. ಕಿರಿಯರ ಮುಖ ಬಾಡಿತು. ಹಿರಿಯರ ಮುಖ ಅದಕ್ಕಿಂತಲೂ ಬಾಡಿತು.

“ಹಾಗಾದರೆ ರಾಜರದಲ್ಲವೇ?” ಎಂದರು ಪಟ್ಟೇದಾರರು.

“ಅಲ್ಲ. ಆದರೆ ಈ ತಂತಿ ಸುತ್ತಿದವರು, ಈ ಕುದುರೆ ಮಾಡಿಸಿದವರು ನಿಮ್ಮವರು” ಎಂದೆ.

ಅವರು ತಂತಿಯ ಮೇಲೆ ಬೆರಳಾಡಿಸಿ, “ಇದು ನನ್ನ ಅಜ್ಜನ ಕೈಕೆಲಸ. ನಾನೇ ತಂತಿಯ ತುದಿ ಹಿಡಿದುಕೊಂಡಿದ್ದೆ” ಎಂದರು. ಈ ಮಾತನ್ನು ಮನೆಯ ಕಿರಿಯರು ಅದುವರೆಗೆ ಕೇಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮ್ಮನ ಮಗನೇ ಒಂದು ಹಾಳೆ ತೆಗೆದುಕೊಂಡು, ಮಾಡಿನ ಖರ್ಚಿಗೆ ಯಾರು ಯಾರು ಎಷ್ಟೆಷ್ಟು ಕೊಡಬೇಕೆಂದು ಬರೆಯತೊಡಗಿದನು. ಕೋವಿಯ ಮಾತು ಮತ್ತೆ ಬರಲಿಲ್ಲ.

ಮನೆಯಲ್ಲಿ ಇಂಥ ಕೋವಿಯುಳ್ಳವರಿಗೆ ನನ್ನ ಬಿನ್ನಹವಿಷ್ಟೆ. ಮೊದಲು ಬಲ್ಲವರಿಂದ ನಳಿಗೆಯನ್ನು ಪರೀಕ್ಷೆ ಮಾಡಿಸಿರಿ. ಉಜ್ಜಬೇಡಿರಿ. ಪರವಾನಗಿ ಅಥವಾ ವಿನಾಯಿತಿಯ ಪತ್ರ ಸರಿಯಾಗಿದೆಯೇ ನೋಡಿಕೊಳ್ಳಿರಿ. ಹಿರಿಯರು ಇರುವಾಗಲೇ ಅದರ ಕಥೆಯನ್ನು ಅವರಿಂದ ಕೇಳಿ, ಮುದ್ರೆ ಇಸವಿಗಳೊಡನೆ ಹೋಲಿಸಿ, ಒಂದು ಕಾಗದದಲ್ಲಿ ಬರೆದಿಡಿರಿ. ಬೆಲೆ ಕಟ್ಟುವ ಕೆಲಸ ಅಲ್ಲಿಂದ ಮುಂದಿನದು.