ನಾಲ್ಕು ಕಂಠ, ನಾಲ್ಕು ದಾರಿ

ಸೊಪ್ರಾನೊ ಮೇಲಿನಿಂದ ಇಳಿದು ಬರುತ್ತದೆ, ಆಲ್ಟೊ ಕೆಳಗಿನಿಂದ ಏರಿ ಬರುತ್ತದೆ, ಎರಡೂ ಒಂದೇ ಸ್ವರದಲ್ಲಿ ಕೂಡುತ್ತವೆ. ಒಂದು ಗಳಿಗೆ ಒಂದೇ ಕಂಠವೆಂಬಂತೆ ನಿಂತು, ಮತ್ತೆ ತಂತಮ್ಮ ಹಾದಿ ಹಿಡಿಯುತ್ತವೆ. ವೃಂದಗಾನದಲ್ಲಿ ಇಂಥ ಜಾಗಗಳೆಂದರೆ ನನಗೆ ಬಲು ಪ್ರೀತಿ. ಕಂಪ್ಯೂಟರ್‌ನೊಳಗೆ ಕ್ವಾಯರ್ ಕಟ್ಟುವ ಹವ್ಯಾಸ ಹತ್ತಿಕೊಂಡ ಮೇಲೆ ಆ ಪ್ರೀತಿ ಇನ್ನೂ ಬೆಳೆಯಿತು. ಈ ಕೂಡುವಿಕೆ ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವಂತೆ ದಾರಿ ಹಾಕಿಕೊಡಬೇಕು. ರೂಟಿಂಗ್ ಎಂದು ನಾವು ಕರೆಯುವ ಆ ಕೆಲಸದಲ್ಲೇ ಈ ಹವ್ಯಾಸದ ಅರ್ಧ ರುಚಿ ಇದೆ.

ತೊಡಕು ಎಲ್ಲಿದೆ ನೋಡಿ. ವಾದ್ಯಗಳೂ ಕಂಪ್ಯೂಟರ್‌ಗಳೂ ಮಾತಾಡಿಕೊಳ್ಳುವ ಭಾಷೆಯೇ ಮಿಡಿ. ಕೀಲಿ ಒತ್ತಿದಾಗ ಅದು ಕಳಿಸುವ ಸಂದೇಶ ಮೂರೇ ಬೈಟ್‌ಗಳದ್ದು: ಯಾವ ಚಾನೆಲ್‌ನಲ್ಲಿ ಸ್ವರ ಶುರುವಾಗಬೇಕು, ಅದು ಯಾವ ಸ್ವರ, ಎಷ್ಟು ಬಿರುಸು. ಪಿಯಾನೊದ ನಡುವಿನ ‘ಸಿ’ಗೆ 60 ಎಂಬ ಸಂಖ್ಯೆ, ಅದರ ಮೇಲಿನ ‘ಜಿ’ಗೆ 67. ಕೀಲಿ ಬಿಟ್ಟಾಗ ಅದೇ ಸಂಖ್ಯೆ ಹೊತ್ತು ‘ನಿಲ್ಲಿಸು’ ಎಂಬ ಇನ್ನೊಂದು ಸಂದೇಶ ಹೋಗುತ್ತದೆ. ಹಾಡುತ್ತಿರುವವರು ಯಾರು ಎಂದು ಹೇಳಲು ಚಾನೆಲ್ ಬಿಟ್ಟರೆ ಅದರಲ್ಲಿ ಬೇರೆ ಜಾಗವಿಲ್ಲ. ಸೊಪ್ರಾನೊ, ಆಲ್ಟೊ ಎರಡನ್ನೂ ಒಂದೇ ಚಾನೆಲ್‌ಗೆ ಸುರಿದಿದ್ದೇವೆ, ಎರಡೂ 67ರಲ್ಲಿ ಕೂಡಿವೆ, ಆಲ್ಟೊ ಮೊದಲು ಹೊರಟಿತು ಎಂದುಕೊಳ್ಳಿ. ಆಲ್ಟೊಗೆಂದು ಹೋದ ‘67 ನಿಲ್ಲಿಸು’ ಎಂಬ ಸಂದೇಶ ಎಷ್ಟೋ ವಾದ್ಯಗಳಲ್ಲಿ ಸೊಪ್ರಾನೊದ ಉಸಿರನ್ನೂ ನಿಲ್ಲಿಸಿಬಿಡುತ್ತದೆ. ಇನ್ನೂ ನಾಲ್ಕು ಮಾತ್ರೆ ನಿಲ್ಲಬೇಕಿದ್ದ ಸ್ವರ ನಡುವೆಯೇ ಕಡಿದುಹೋಗುತ್ತದೆ.

ಶ್ರುತಿಯ ವ್ಯಾಪ್ತಿ ನೋಡಿ ಕಂಠಗಳನ್ನು ಬೇರ್ಪಡಿಸೋಣವೆಂದರೆ ಅದೂ ಆಗದ ಮಾತು. ಸುಮಾರಾಗಿ ಹೇಳುವುದಾದರೆ ಬೇಸ್ 40ರಿಂದ 60, ಟೆನರ್ 48ರಿಂದ 67, ಆಲ್ಟೊ 55ರಿಂದ 74, ಸೊಪ್ರಾನೊ 60ರಿಂದ 81. ಆಗ 62ನೇ ಸ್ವರ ಯಾರದು? ಮೇಲಿನ ಮೂವರದೂ ಹೌದು. ಮನುಷ್ಯರ ಕಂಠಗಳು ಒಂದರ ಮೇಲೊಂದು ಹರಡಿಕೊಂಡಿರುವುದರಿಂದಲೇ ಕ್ವಾಯರ್‌ಗೆ ಆ ತುಂಬಿದ ನಾದ ಬರುವುದು. ಕೀಬೋರ್ಡಿನ ಮೇಲೆ ಗೆರೆ ಎಳೆದು ಅದನ್ನು ಹಂಚಲಾಗದು. ಒಬ್ಬೊಬ್ಬರಿಗೆ ಒಂದೊಂದು ಚಾನೆಲ್ ಕೊಡುವುದೇ ಸರಿಯಾದ ದಾರಿ. ಒಂದು ಪೋರ್ಟ್‌ನಲ್ಲಿ 16 ಚಾನೆಲ್‌ಗಳಿವೆ, ನಮಗೆ ಬೇಕಾದದ್ದು ನಾಲ್ಕು.

ಈ ಹದಿನಾರು ಚಾನೆಲ್‌ಗಳನ್ನು ಗೊತ್ತುಮಾಡಿದವರು ಇಂಥ ಬಳಕೆಯನ್ನು ಕಂಡವರಲ್ಲ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಸಂಗೀತೋಪಕರಣ ಮೇಳದಲ್ಲಿ ಪ್ರಾಫೆಟ್-600 ಮತ್ತು ಜುಪಿಟರ್-6 ಎಂಬ ಎರಡು ಸಿಂಥಸೈಜರ್‌ಗಳನ್ನು ಒಂದು ಕೇಬಲ್‌ನಿಂದ ಸೇರಿಸಿ ತೋರಿಸಿದರು. ಒಂದು ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನದು, ಇನ್ನೊಂದು ಜಪಾನಿನ ರೋಲೆಂಡ್‌ನದು. ಪೈಪೋಟಿಯಲ್ಲಿದ್ದ ಕಂಪನಿಗಳು ಒಂದೇ ಭಾಷೆಗೆ ಒಪ್ಪಿದ್ದು ಸಂಗೀತಲೋಕದ ದೊಡ್ಡ ಪುಣ್ಯ. ಅದಕ್ಕಾಗಿ ದುಡಿದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಸಂದಿತು. ಆ ಕೇಬಲ್‌ನಲ್ಲಿ ಸೆಕೆಂಡಿಗೆ 31,250 ಬಿಟ್ ಹರಿಯುತ್ತವೆ, ಒಂದು ಸ್ವರದ ಸಂದೇಶ ತಲುಪಲು ಹತ್ತಿರಹತ್ತಿರ ಒಂದು ಮಿಲಿಸೆಕೆಂಡು ಸಾಕು. 1999ರಲ್ಲಿ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ವಾದ್ಯಗಳನ್ನು, ಅಂದರೆ ಸಾಫ್ಟ್‌ವೇರ್‌ನೊಳಗೆ ಪ್ಲಗಿನ್ ಆಗಿ ನುಡಿಯುವ ವಾದ್ಯಗಳನ್ನು, ತಂದಮೇಲೆ ಸಿಂಥಸೈಜರ್ ಜೊತೆಗೆ ಆ ಕೇಬಲ್ ಕೂಡ ಕಂಪ್ಯೂಟರ್‌ನೊಳಗೆ ಸೇರಿಕೊಂಡಿತು. ಕಣ್ಣಿಗೆ ಕಾಣದಿದ್ದರೂ ಅದು ಇದ್ದೇ ಇದೆ. ಎಲ್ಲಿಂದ ಎಲ್ಲಿಗೆ ಎಂದು ನಾವೇ ಹೇಳಬೇಕು.

ನಾನು ಬಳಸುವುದು ರೀಪರ್. ವಿನ್‌ಆಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಕಟ್ಟಿದ ರೆಕಾರ್ಡಿಂಗ್ ಸಾಫ್ಟ್‌ವೇರ್ ಅದು. ಅದರಲ್ಲಿ ಯಾವ ಟ್ರ್ಯಾಕ್‌ನಿಂದ ಬೇಕಾದರೂ ಯಾವ ಟ್ರ್ಯಾಕ್‌ಗೆ ಬೇಕಾದರೂ ಸೆಂಡ್ ಎಂಬ ದಾರಿ ಎಳೆಯಬಹುದು. ನಾಲ್ಕು ಟ್ರ್ಯಾಕ್‌ಗಳಲ್ಲಿ ಬರೀ ಸ್ವರಗಳನ್ನು ಇಡುತ್ತೇನೆ, ಅವುಗಳಿಂದ ಸದ್ದು ಬರುವುದಿಲ್ಲ. ಐದನೆಯದರಲ್ಲಿ ಕ್ವಾಯರ್ ಪ್ಲಗಿನ್ ಇರುತ್ತದೆ. ಸೊಪ್ರಾನೊದ ಸೆಂಡ್ ಒಂದನೇ ಚಾನೆಲ್‌ಗೆ, ಆಲ್ಟೊ ಎರಡಕ್ಕೆ, ಟೆನರ್ ಮೂರಕ್ಕೆ, ಬೇಸ್ ನಾಲ್ಕಕ್ಕೆ. ಪ್ಲಗಿನ್‌ನಿಂದ ಹೊರಬರುವ ಧ್ವನಿಯನ್ನೂ ಹಾಗೆಯೇ ಬಿಡಿಸಿ, ನಾಲ್ಕು ಜೋಡಿ ಔಟ್‌ಪುಟ್‌ಗಳಿಂದ ನಾಲ್ಕು ಬೇರೆ ಟ್ರ್ಯಾಕ್‌ಗಳಿಗೆ ಕಳಿಸಿ, ಅಲ್ಲಿಂದ ಎಲ್ಲವನ್ನೂ ಒಂದೇ ರಿವರ್ಬ್‌ಗೆ ಸೇರಿಸುತ್ತೇನೆ. ಕಂಠಗಳು ಬೇರೆಬೇರೆ, ಹಾಡುವ ಸಭಾಂಗಣ ಮಾತ್ರ ಒಂದೇ. ಎಲ್ಲ ಸರಿಯಾಗಿ ಕೂತಮೇಲೆ ಒಂದೊಂದೇ ಟ್ರ್ಯಾಕ್‌ನಿಂದ ಒಂದೊಂದು ಸ್ವರ ನುಡಿಸಿ, ಆಯಾ ಮೀಟರ್ ಮಾತ್ರ ಮೇಲೇಳುವುದನ್ನು ನೋಡುವುದಿದೆಯಲ್ಲ, ಆ ತೃಪ್ತಿಗೆ ಎಣೆಯಿಲ್ಲ.

ಎರಡು ಬೇರೆ ಸಾಫ್ಟ್‌ವೇರ್‌ಗಳು ಮಾತಾಡಿಕೊಳ್ಳಬೇಕಾದಾಗ ಕೆಲಸ ಇನ್ನೂ ಸ್ವಾರಸ್ಯದ್ದು. ಮ್ಯಾಕ್‌ನಲ್ಲಿ ಐಎಸಿ ಎಂಬ ಡ್ರೈವರ್ ಮೊದಲಿನಿಂದಲೂ ಇದೆ. ವಿಂಡೋಸ್‌ನವರು ಲೂಪ್‌ಮಿಡಿಯಂಥ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳುತ್ತಾರೆ. ಇವು ಕೊಡುವುದು ಊಹೆಯ ಕೇಬಲ್: ಒಂದು ತುದಿಯಲ್ಲಿ ಹಾಕಿದ ಸಂದೇಶ ಇನ್ನೊಂದು ತುದಿಯಲ್ಲಿ ಬರುತ್ತದೆ. ಒಂದೇ ಕೇಬಲ್ ಬಿಟ್ಟು, ಹೋಗಲು ಒಂದು, ಬರಲು ಒಂದು ಎಂದು ಎರಡನ್ನು ಬೇರೆಬೇರೆ ಹೆಸರಿನಿಂದ ತೆರೆಯುವುದು ಲೇಸು. ಬಂದ ಸಂದೇಶವನ್ನೇ ಟ್ರ್ಯಾಕ್ ಮತ್ತೆ ಅದೇ ಕೇಬಲ್‌ಗೆ ಹಾಕಿದರೆ ಒಂದು ಸ್ವರ ಸುತ್ತಿ ಸುತ್ತಿ ಸಾವಿರವಾಗುತ್ತದೆ. ಯಾವುದೋ ‘ನಿಲ್ಲಿಸು’ ದಾರಿಯಲ್ಲಿ ಕಳೆದುಹೋಗಿ ಸ್ವರ ಒಂದೇ ಸಮ ಕೂಗುತ್ತಿದ್ದರೆ ಮಿಡಿಯ ಕಂಟ್ರೋಲರ್ ಸಂದೇಶಗಳಲ್ಲಿ 123ನೆಯದು ಇದೆ. ಅದರ ಅರ್ಥ, ಈ ಚಾನೆಲ್‌ನಲ್ಲಿ ಎಲ್ಲ ಸ್ವರಗಳೂ ನಿಲ್ಲಲಿ ಎಂದು.

ಕ್ವಾಯರ್ ಮಟ್ಟಿಗೆ ಇಂಥ ಕೇಬಲ್‌ನ ಅಗತ್ಯ ಹುಟ್ಟಿದ್ದು ಪದಗಳಿಂದ. ‘ಆ’, ‘ಊ’ ಎಂದು ಹಾಡುವ ಸ್ಯಾಂಪಲ್‌ಗಳು ಎಷ್ಟೋ ಇದ್ದವು. ಅಕ್ಷರಗಳನ್ನು ಹಾಡಿಸುವುದು ಬೇರೆಯೇ ಸವಾಲು. ಈಸ್ಟ್‌ವೆಸ್ಟ್ ಕಂಪನಿಯ ಸಿಂಫೋನಿಕ್ ಕ್ವಾಯರ್ಸ್ ಜೊತೆ ವರ್ಡ್‌ಬಿಲ್ಡರ್ ಎಂಬ ಪ್ರೋಗ್ರಾಂ ಬಂತು. ಅದನ್ನು ಬರೆದವರು ಪೋರ್ಚುಗಲ್‌ನ ನುನೊ ಫೊನ್ಸೆಕಾ. ಮೊದಲಿಗೆ ಅದು ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೂ ಸ್ಯಾಂಪ್ಲರ್‌ಗೂ ನಡುವೆ ಕೂರುವ ಪ್ರೋಗ್ರಾಂ ಆಗಿತ್ತು. ಒಂದು ಕಡೆಯಿಂದ ಸ್ವರ ಬರುತ್ತದೆ; ತನ್ನಲ್ಲಿ ಬರೆದಿಟ್ಟ ಸಾಹಿತ್ಯದಲ್ಲಿ ಮುಂದಿನ ಅಕ್ಷರ ಯಾವುದೆಂದು ಅದು ನೋಡುತ್ತದೆ; ಆ ಅಕ್ಷರವನ್ನು ವ್ಯಂಜನ, ಸ್ವರ ಎಂದು ಒಡೆದು, ಒಂದೊಂದಕ್ಕೂ ಬೇರೆ ಸಂದೇಶ ಮಾಡಿ ಇನ್ನೊಂದು ಕಡೆಗೆ ಕಳಿಸುತ್ತದೆ. ಆಮೇಲೆ ಅದು ಪ್ಲಗಿನ್‌ನೊಳಗೇ ಸೇರಿತು. ಆದರೂ ಆ ನಡುವಿನ ಮನೆಯ ಕಲ್ಪನೆ ನನಗೆ ಇವತ್ತಿಗೂ ಬಹಳ ಹಿಡಿಸುತ್ತದೆ. ರಾಗ ಒಂದು ಕಡೆ, ಕಂಠ ಇನ್ನೊಂದು ಕಡೆ, ನಡುವೆ ಸಾಹಿತ್ಯ.

ಅಕ್ಷರ ಬಂದೊಡನೆ ಕಾಲದ ಲೆಕ್ಕ ಸೂಕ್ಷ್ಮವಾಗುತ್ತದೆ. ಲ್ಯಾಟಿನ್ ಪ್ರಾರ್ಥನೆಯ ‘ಸಾಂಕ್ತುಸ್’ ಎಂಬ ಪದ ತೆಗೆದುಕೊಳ್ಳಿ. ತಾಳ ಬೀಳಬೇಕಾದದ್ದು ‘ಆ’ ಕಾರದ ಮೇಲೆ. ಮೊದಲ ‘ಸ್’ ತಾಳಕ್ಕಿಂತ ಮುಂಚೆಯೇ ಮುಗಿದಿರಬೇಕು. ನುರಿತ ಗಾಯಕರು ಇದನ್ನು ಯೋಚಿಸದೆ ಮಾಡುತ್ತಾರೆ. ಯಂತ್ರ ಮಾತ್ರ ಹೇಳಿದ ಕ್ಷಣಕ್ಕೆ ‘ಸ್’ ಶುರುಮಾಡುತ್ತದೆ, ಹಾಗಾಗಿ ‘ಆ’ ತಡವಾಗಿ ಬರುತ್ತದೆ, ಇಡೀ ವೃಂದ ಎಳೆದಂತೆ ಕೇಳುತ್ತದೆ. ಆದ್ದರಿಂದ ಕ್ವಾಯರ್ ಟ್ರ್ಯಾಕ್‌ಗಳನ್ನು ಒಂದಿಷ್ಟು ಮಿಲಿಸೆಕೆಂಡು ಮುಂಚೆಯೇ ಶುರುಮಾಡಿಸುತ್ತೇನೆ. ‘ಸ್’ಗೆ ಹೆಚ್ಚು, ‘ತ್’ಗೆ ಕಡಿಮೆ. ಕೊನೆಯ ‘ಸ್’ನ ಕಥೆಯೇ ಬೇರೆ. ನಾಲ್ಕು ಕಂಠಗಳೂ ಅದನ್ನು ಪೂರ್ತಿ ಉಚ್ಚರಿಸಿದರೆ ಹಾವಿನ ಬುಸುಗುಟ್ಟುವಿಕೆಯಂತೆ ಕೇಳುತ್ತದೆ. ಆಲ್ಟೊಗೆ ಮಾತ್ರ ಆ ‘ಸ್’ ಕೊಟ್ಟು ಉಳಿದ ಮೂವರನ್ನು ‘ಉ’ಕಾರದಲ್ಲೇ ನಿಲ್ಲಿಸಿದರೆ ಕಿವಿಗೆ ಎಲ್ಲರೂ ಹಾಡಿದಂತೆಯೇ ಇರುತ್ತದೆ. ದಾರಿಗಳು ಬೇರೆಬೇರೆ ಇರುವುದರಿಂದಲೇ ಇದು ಸಾಧ್ಯ.

ಬೇರೆ ಮಾಡಿದ್ದನ್ನು ಕೂಡಿಸುವ ಕೈಯೂ ಬೇಕು. ಕ್ವಾಯರ್ ಪ್ಲಗಿನ್‌ಗಳಲ್ಲಿ ಮಾಡ್ ವೀಲ್, ಅಂದರೆ ಒಂದನೇ ಕಂಟ್ರೋಲರ್, ಸಾಮಾನ್ಯವಾಗಿ ಕಂಠದ ಕಸುವನ್ನು ಏರಿಸಿ ಇಳಿಸುತ್ತದೆ. ಸೊನ್ನೆಯ ಬಳಿ ಪಿಸುಗುಟ್ಟುವಂಥ ಮೆಲುದನಿ, 127ರಲ್ಲಿ ತುಂಬುಗಂಠ. ನಾನು ಇನ್ನೊಂದು ಟ್ರ್ಯಾಕ್ ಇಟ್ಟು ಅದರಲ್ಲಿ ಈ ಏರಿಳಿತವೊಂದನ್ನೇ ಬಲಗೈಯಿಂದ ದಾಖಲಿಸಿ, ಅಲ್ಲಿಂದ ನಾಲ್ಕೂ ಚಾನೆಲ್‌ಗಳಿಗೆ ಸೆಂಡ್ ಎಳೆಯುತ್ತೇನೆ. ನಿರ್ದೇಶಕರ ಕೈ ಅದು. ಅದರ ಮೇಲೆ ಟೆನರ್‌ಗೆ ಮಾತ್ರ ಒಂದೆರಡು ಕಡೆ 11ನೇ ಕಂಟ್ರೋಲರ್‌ನಿಂದ ತುಸು ಹೆಚ್ಚು ಒತ್ತು ಕೊಡುತ್ತೇನೆ. ಎಲ್ಲರೂ ಒಟ್ಟಿಗೆ ಉಬ್ಬಿ ಇಳಿಯುವಾಗ ಒಳಗಿನ ಒಂದು ಸಾಲು ಮೆಲ್ಲಗೆ ತಲೆಯೆತ್ತುತ್ತದೆ.

ನನ್ನ ಪಾಲಿಗೆ ಈ ಹವ್ಯಾಸದ ತಿರುಳು ಆ ಒಳಗಿನ ಸಾಲುಗಳಲ್ಲಿದೆ. ನಾವು ಬೆಳೆದ ಸಂಗೀತದಲ್ಲಿ ಕಿವಿ ಹಿಡಿಯುವುದು ಒಂದು ರಾಗದ ಎಳೆಯನ್ನು, ಅದರ ಕೆಳಗೆ ಶ್ರುತಿ. ಕ್ವಾಯರ್ ಕೇಳುವಾಗಲೂ ಆ ಅಭ್ಯಾಸ ಬಿಡುವುದಿಲ್ಲ. ಮೇಲಿನ ಸೊಪ್ರಾನೊ ರಾಗವಾಗುತ್ತದೆ, ಬೇಸ್ ಶ್ರುತಿಯಾಗುತ್ತದೆ, ಆಲ್ಟೊ ಮತ್ತು ಟೆನರ್ ನಡುವೆ ಕರಗಿಹೋಗುತ್ತವೆ. ಬಾಖ್‌ನ ಕೋರಲ್‌ಗಳನ್ನು, ಅಂದರೆ ನಾಲ್ಕು ಕಂಠದ ಭಕ್ತಿಗೀತೆಗಳನ್ನು, ನಾಲ್ಕು ಚಾನೆಲ್‌ಗಳಿಗೆ ಬಿಡಿಸಿದಾಗ ಆ ಕರಗಿದ್ದೆಲ್ಲ ಎದ್ದು ನಿಂತಿತು. 1784ರಿಂದ 1787ರ ನಡುವೆ ಲೈಪ್‌ಜಿಗ್‌ನಲ್ಲಿ ಅಚ್ಚಾದ ಸಂಗ್ರಹದಲ್ಲಿ ಅಂಥ 371 ಕೋರಲ್‌ಗಳಿವೆ. ಯಾವುದನ್ನೇ ತೆಗೆದು ಟೆನರ್ ಒಂದನ್ನೇ ಸೋಲೊ ಮಾಡಿ ಕೇಳಿ. ಅದೂ ಒಂದು ಹಾಡು. ಅದಕ್ಕೂ ಹುಟ್ಟು, ಏರು, ತಂಗುದಾಣ ಇವೆ.

ಕೋರಲ್ ಕನ್ನಡಕ್ಕೂ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಜೊತೆ ಜರ್ಮನ್ ಧಾಟಿಗಳೂ ಬಂದವು, ಅವಕ್ಕೆ ಕನ್ನಡ ಸಾಹಿತ್ಯ ಕೂಡಿತು. ನಮ್ಮ ನುಡಿ ವೃಂದಗಾನಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಕೊನೆಯ ವ್ಯಂಜನವನ್ನು ಕತ್ತರಿಸುವ ಕಷ್ಟ ಕಡಿಮೆ. ‘ಬೆಳಕು’ ಎಂದು ಹಾಡಿಸಬೇಕೆಂದರೆ ಪಾಶ್ಚಾತ್ಯ ಪ್ಲಗಿನ್‌ನಲ್ಲಿ ‘ಳ’ಕಾರಕ್ಕೆ ಪೇಚಾಟವಾಗುತ್ತದೆ ನಿಜ. ‘ಲ’ವನ್ನೇ ಗಿಡ್ಡ ಮಾಡಿ, ಹಿಂದಿನ ಸ್ವರವನ್ನು ತುಸು ಗಾಢ ಮಾಡಿದರೆ ಕಿವಿ ಒಪ್ಪುವಷ್ಟು ಹತ್ತಿರ ಬರುತ್ತದೆ. ಗಮಕಕ್ಕೂ ದಾರಿ ಇದೆ. ಶ್ರುತಿಯನ್ನು ಬಾಗಿಸುವ ಪಿಚ್ ಬೆಂಡ್‌ನಲ್ಲಿ 16,384 ಮೆಟ್ಟಿಲುಗಳಿವೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಅಷ್ಟು ಧಾರಾಳ. ಆದರೆ ಅದು ಬಾಗಿಸುವುದು ಇಡೀ ಚಾನೆಲ್ಲನ್ನು. ಎಲ್ಲರೂ ಒಂದೇ ಚಾನೆಲ್‌ನಲ್ಲಿದ್ದರೆ ಗಾಂಧಾರ ತೂಗಿದಾಗ ಷಡ್ಜ, ಪಂಚಮಗಳೂ ತೂಗುತ್ತವೆ. ದಾರಿ ಬೇರೆಯಾಗಿದ್ದರೆ ಸೊಪ್ರಾನೊ ಕಲ್ಯಾಣಿಯ ಗಾಂಧಾರವನ್ನು ತೂಗುತ್ತಿರುವಾಗ ಉಳಿದ ಮೂವರು ಅಲುಗದೆ ನಿಲ್ಲುತ್ತಾರೆ.

2020ರಲ್ಲಿ ಮಿಡಿ 2.0 ಬಂತು. ಅದರಲ್ಲಿ ಚಾನೆಲ್‌ಗಳು 256, ಒಂದೊಂದು ಸ್ವರಕ್ಕೂ ಅದರದೇ ಬೆಂಡ್. ನಾಲ್ಕೂ ಕಂಠಗಳನ್ನು ತಾನೇ ಹಂಚಿಕೊಳ್ಳುವ ಪ್ಲಗಿನ್‌ಗಳೂ ಇವೆ: ಎರಡು ಕೈಯಲ್ಲಿ ಸ್ವರಗುಚ್ಛ ಒತ್ತಿದರೆ ಸಾಕು, ಕ್ವಾಯರ್ ಹಾಡುತ್ತದೆ. ಗಡುವಿಗೆ ಕೆಲಸ ಮುಗಿಸಬೇಕಾದವರಿಗೆ ಅದು ವರವೇ. ನಾನಂತೂ ನಾಲ್ಕು ಟ್ರ್ಯಾಕ್ ತೆರೆದು, ನಾಲ್ಕು ಸೆಂಡ್ ಎಳೆಯುತ್ತಲೇ ಇರುತ್ತೇನೆ. ಪ್ರತಿ ಕಂಠಕ್ಕೂ ದಾರಿ ಹಾಕುವಾಗ ಅದು ಎಲ್ಲಿ ಉಸಿರೆಳೆಯುತ್ತದೆ, ಯಾರನ್ನು ದಾಟುತ್ತದೆ, ಯಾರಿಗೆ ಜಾಗ ಬಿಡುತ್ತದೆ ಎಂದು ಕೇಳಲೇಬೇಕಾಗುತ್ತದೆ. ಹಾಗೆ ಕೇಳಿ ಪಳಗಿದ ಕಿವಿ ಕಂಪ್ಯೂಟರ್ ಮುಚ್ಚಿದ ಮೇಲೂ ಕೆಲಸ ಮಾಡುತ್ತದೆ. ನಿಜವಾದ ಗಾಯಕರ ನಡುವೆ ಕೂತಾಗ ಈಗ ನಾನು ಮೊದಲು ಹುಡುಕುವುದು ಟೆನರ್ ಸಾಲನ್ನು, ಅದು ಸಿಕ್ಕಿದರೆ ಹಾಡು ಪೂರ್ತಿ ಸಿಕ್ಕಿದ ಹಾಗೆ.