ಚಿಗರಿಯ ಹಾದಿ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 22 ಕಿ.ಮೀ. ಬೆಳಗಾದರೆ ಕಚೇರಿ, ಕಾಲೇಜು, ಆಸ್ಪತ್ರೆ, ಪೇಟೆ ಎಂದು ಜನ ಅತ್ತಿಂದಿತ್ತ ಹರಿಯುತ್ತಾರೆ. ಈ ದಟ್ಟಣೆಗೆ ಮದ್ದಾಗಿ 2018ರ ಅಕ್ಟೋಬರಿನಲ್ಲಿ ರಸ್ತೆಗಿಳಿದದ್ದು ‘ಚಿಗರಿ’ ಬಸ್ಸು. ಇಲ್ಲಿಯ ಮಾತಿನಲ್ಲಿ ಚಿಗರಿ ಎಂದರೆ ಜಿಂಕೆ. ನಟ್ಟನಡುವೆ ಪ್ರತ್ಯೇಕ ಪಥ, ಅಲ್ಲಿಯೇ ನಿಲ್ದಾಣ. ಬಸ್ಸಿನ ನೆಲವೂ ನಿಲ್ದಾಣದ ನೆಲವೂ ಒಂದೇ ಮಟ್ಟ. ವಯಸ್ಸಾದವರಿಗೆ ಮೆಟ್ಟಿಲೇರುವ ಪಾಡಿಲ್ಲ.

ಉಣಕಲ್ ಕೆರೆ, ನವನಗರ, ನವಲೂರು ದಾಟುವ ಈ ಹಾದಿಗೆ ಬೆಲೆಯನ್ನೂ ತೆರಬೇಕಾಯಿತು. ಅಗಲೀಕರಣಕ್ಕೆ ಉರುಳಿದ ಮರಗಳ ನೆರಳು ಈಗ ನೆನಪು ಮಾತ್ರ. ಪಕ್ಕದ ಪಥದಲ್ಲಿ ವಾಹನಗಳು ತೆವಳಿದಾಗ ತಕರಾರು ಏಳುತ್ತದೆ: ಬಸ್ಸಿಗೇಕೆ ಇಷ್ಟು ಜಾಗ? ಆದರೆ ಆ ಬಸ್ಸಿನಲ್ಲಿರುವವರೆಲ್ಲ ಒಬ್ಬೊಬ್ಬರೇ ಸ್ಕೂಟರು, ಕಾರು ಹತ್ತಿ ಬಂದರೆ ಎಷ್ಟು ರಸ್ತೆ ಸಾಕಾದೀತು?